ಸೀರಿಯಂ ಸ್ಯಾಂಪಲ್: ಇದು ಕೊಂಡೋ ಎಫೆಕ್ಟಾ, ನನ್ನದೇ ಎಡವಟ್ಟಾ?

ಕಂಕನಾಡಿಯವ:
ಮೂರು ವಾರದಿಂದ ಒಂದೇ ಗ್ರಾಫ್ ನೋಡಿಕೊಂಡು ಕೂತಿದ್ದೇನೆ ಮಾರಾಯ್ರೆ. ಪಿಎಚ್‌ಡಿ ಎರಡನೇ ವರ್ಷ, ಮಂಗಳೂರಲ್ಲೇ. ಒಂದು ಪಾಲು ಸೀರಿಯಂ, ಎರಡು ಪಾಲು ಅಲ್ಯೂಮಿನಿಯಂ, ಆರ್ಕ್ ಫರ್ನೇಸಲ್ಲಿ ಕರಗಿಸಿದ್ದು. ಹೊಸ ಕಾಂಪೌಂಡ್ ಎಂತದೂ ಅಲ್ಲ, ಕೈ ಪಳಗಲಿ ಅಂತ ಗೈಡ್ ಕೊಟ್ಟದ್ದು. ತಣ್ಣಗಿನ ಅಳತೆ ಹೊರ ಊರಲ್ಲಿ ಮಾಡಿಸಿದೆವು. 300 ಕೆಲ್ವಿನ್‌ನಿಂದ ರೆಸಿಸ್ಟೆನ್ಸ್ ಇಳೀತಾ ಬಂದು 15ರ ಹತ್ತಿರ ತಳ ಮುಟ್ತದೆ, ಪುನಃ ಏರ್ತದೆ, 5ರ ಆಸುಪಾಸಿನಿಂದ ಕೆಳಗೆ ದಡಕ್ಕನೆ ಬೀಳ್ತದೆ. ಏರುವುದು ಕೊಂಡೋ (ಓಡಾಡುವ ಎಲೆಕ್ಟ್ರಾನುಗಳು ಸೀರಿಯಂನ ಕಾಂತತ್ವವನ್ನು ಮುಚ್ಚಿ ಹಾಕುವುದು), ಬೀಳುವುದು ಆಂಟಿಫೆರೋ ಆರ್ಡರ್ (ಸೀರಿಯಂಗಳ ಸ್ಪಿನ್ನುಗಳು ಎದುರುಬದುರಾಗಿ ಸಾಲು ನಿಲ್ಲುವುದು). ಅಷ್ಟು ಗೊತ್ತುಂಟು.

ತಲೆ ತಿನ್ನುವುದು ಬೇರೆ ಎರಡು ವಿಷಯ. ಆ ಆರ್ಡರ್ ತರುವ ಆರ್‌ಕೆಕೆವೈಯೂ ಕೊಂಡೋವೂ ಒಂದೇ ಜೆಯಿಂದ (ಸೀರಿಯಂನ ಸ್ಪಿನ್ನಿಗೂ ಓಡಾಡುವ ಎಲೆಕ್ಟ್ರಾನಿಗೂ ಇರುವ ಹಿಡಿತ) ಹುಟ್ಟುವುದಲ್ವಾ, ಒಂದೇ ತಾಯಿಯ ಮಕ್ಕಳು ಹೊಡೆದಾಡುವುದು ಹೇಗೆ? ಇನ್ನೊಂದು, 150 ಕೆಲ್ವಿನ್‌ಗಿಂತ ಮೇಲೆ ಕಾಂತೀಯ ಅಳತೆಗೆ ಕ್ಯೂರಿ-ವೈಸ್ ಫಿಟ್ ಹಾಕಿದರೆ ಮೊಮೆಂಟ್ (ಒಂದೊಂದು ಸೀರಿಯಂನ ಕಾಂತಬಲ) 2.4 ಬೋರ್ ಮ್ಯಾಗ್ನೆಟಾನ್ ಬಂತು. ಪುಸ್ತಕದಲ್ಲಿ 2.54. ಉಳಿದದ್ದನ್ನು ಕೊಂಡೋ ನುಂಗಿತು ಅಂತ ಬರೀಬಹುದಾ?

ಮಲ್ಪೆ ಬೋಟು:
ಅಣ್ಣತಮ್ಮಂದಿರಲ್ಲದೆ ಮತ್ಯಾರು ಹೊಡೆದಾಡ್ತಾರೆ, ಜಾಗದ ಕೇಸು ನೋಡಿಲ್ವಾ ನೀವು? :) ಧಕ್ಕೆಯಲ್ಲಿ ಕಟ್ಟಿದ ಬೋಟುಗಳನ್ನು ನೋಡಿ. ಒಂದು ಅಲುಗಿದರೆ ಅಲೆ ಎದ್ದು ಆಚೆಯದ್ದೂ ಅಲುಗ್ತದೆ, ಒಂದಕ್ಕೊಂದು ತಾಗಬೇಕೂಂತ ಇಲ್ಲ. ಸೀರಿಯಂಗೆ ಕಾಂತತ್ವ ಕೊಡುವ 4ಎಫ್ ಎಲೆಕ್ಟ್ರಾನು ಪರಮಾಣುವಿನ ಒಳಗೆ ಅಡಗಿ ಕೂತಿರುವ ಕಾರಣ ಪಕ್ಕದ ಸೀರಿಯಂಗೆ ನೇರ ಸುದ್ದಿ ಮುಟ್ಟುವುದಿಲ್ಲ. ಲೋಹದಲ್ಲಿ ಓಡಾಡುವ ಎಲೆಕ್ಟ್ರಾನುಗಳೇ ಅಲೆ. ಅದು ಆರ್‌ಕೆಕೆವೈ. ಕೊಂಡೋದಲ್ಲಿ ಅದೇ ನೀರು ಬೋಟನ್ನು ಸುತ್ತುವರಿದು ಅಲುಗದ ಹಾಗೆ ಹಿಡಿದಿಡ್ತದೆ.

ಹಳೇ ಕ್ರಯೋಸ್ಟಾಟ್:
ಬೋಟಿನ ಹೋಲಿಕೆ ಚಂದ ಉಂಟು, ಆದರೆ ಕೊಂಡೋ ಬಂದಲ್ಲಿ ಮುಳುಗಿತು. ಅಲ್ಲಿ ಓಡಾಡುವ ಎಲೆಕ್ಟ್ರಾನುಗಳ ಸ್ಪಿನ್ನು ಸೀರಿಯಂನ ಸ್ಪಿನ್ನಿಗೆ ಎದುರಾಗಿ ಹೆಣೆದುಕೊಂಡು ಒಟ್ಟು ಸೊನ್ನೆ ಆಗುವುದು. ಜಗಳ ಅರ್ಥ ಆಗಬೇಕಾದರೆ ಲೆಕ್ಕ ನೋಡಬೇಕು. ಆರ್‌ಕೆಕೆವೈಯ ಬಲ ಜೆಯ ವರ್ಗಕ್ಕೆ ತಕ್ಕಂತೆ ಏರ್ತದೆ. ಕೊಂಡೋ ತಾಪಮಾನ ಎಕ್ಸ್‌ಪೊನೆನ್ಶಿಯಲ್, ಅದರ ಘಾತದಲ್ಲಿ ಜೆ ಛೇದದಲ್ಲಿ ಕೂತಿದೆ, ಎದುರಿಗೆ ಮೈನಸ್. ಹಾಗಾಗಿ ಜೆ ಸಣ್ಣದಿದ್ದರೆ ಕೊಂಡೋ ಸತ್ತ ಹಾಗೆ ಬಿದ್ದಿರ್ತದೆ, ಆರ್ಡರ್ ಗೆಲ್ತದೆ. ಜೆ ದೊಡ್ಡದಾದರೆ ಒಮ್ಮೆಲೇ ಎದ್ದು ದಾಟಿ ಹೋಗ್ತದೆ. 1977ರ ಡೋನಿಯಾಕ್ ಚಿತ್ರ ಇದೇ. ನಿಮ್ಮದು ನಡುವೆ ಸಿಕ್ಕಿಬಿದ್ದ ಕೇಸು: ಆರ್ಡರ್ 3.8 ಕೆಲ್ವಿನ್‌ನಲ್ಲಿ, ಕೊಂಡೋ ತಾಪಮಾನವೂ ಅಲ್ಲೇ ಹತ್ತಿರ. ಅಲ್ಯೂಮಿನಿಯಂ ಮೂರು ಪಾಲಾದರೆ ಕಥೆಯೇ ಬೇರೆ. 1975ರಲ್ಲಿ ಅದರ ಗಾಮಾ (ಉಷ್ಣಧಾರಣೆಯಲ್ಲಿ ಎಲೆಕ್ಟ್ರಾನುಗಳ ಪಾಲು) ಅಳೆದರೆ 1620 ಮಿಲಿಜೌಲ್ ಬಂತು, ತಾಮ್ರದ್ದು 0.7.

ಎರಡನೆಯದ್ದನ್ನು ದಮ್ಮಯ್ಯ ಬರೀಬೇಡಿ. ಐದು ಕೆಲ್ವಿನ್‌ನ ಕೊಂಡೋಗೆ 150ರ ಮೇಲೆ ಎಂತ ಕೆಲಸ? 2.4ರ ವರ್ಗವನ್ನು 2.54ರ ವರ್ಗದಿಂದ ಭಾಗಿಸಿ, 0.89. ನೂರರಲ್ಲಿ ಹನ್ನೊಂದು ಸೀರಿಯಂ ಕಾಣೆ! ಸೀರಿಯಂ ಡೈಆಕ್ಸೈಡಿನಲ್ಲಿ ಎಫ್ ಎಲೆಕ್ಟ್ರಾನೇ ಇಲ್ಲ. ತೂಕಕ್ಕೆ ಉಂಟು, ಮೊಮೆಂಟಿಗೆ ಇಲ್ಲ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಹಾಯಿಸಿದ ಗ್ರಾಫ್) 28.5 ಡಿಗ್ರಿ ಹತ್ತಿರ ಆ ಆಕ್ಸೈಡಿನ ಗುಡ್ಡೆ ಏನಾದರೂ ಉಂಟಾ ನೋಡಿ. ತೂಗಿದ್ದು ಯಾವ ತಿಂಗಳಲ್ಲಿ?

ಕಂಕನಾಡಿಯವ:
ಜುಲೈ.
ಎಣ್ಣೆಯಿಂದ ತೆಗೆದು ಅರದಲ್ಲಿ ಉಜ್ಜಿದೆ, ಲೈಟರ್ ಕಲ್ಲಿನ ಹಾಗೆ ಕಿಡಿ ಹಾರಿತು, ಒಳಗೆ ಬೆಳ್ಳಿಯ ಹೊಳಪು. ತೆಳ್ಳಗೆ ಚೂರು ಮಾಡಿ ತೂಗಿಯೂ ಆಗಿತ್ತು. ಫರ್ನೇಸ್ ಆನ್ ಮಾಡುವ ಹೊತ್ತಿಗೆ ಕರೆಂಟು ಹೋಯ್ತು. ಶನಿವಾರ ಬೇರೆ. ಡೆಸಿಕೇಟರಲ್ಲಿಟ್ಟು ಮನೆಗೆ ಹೋದೆ. ಸೋಮವಾರ ನೋಡಿದರೆ ಚೂರುಗಳ ಮೈ ಬೂದು ಬಣ್ಣ, ಪುಡಿ ಉದುರ್ತಿತ್ತು. ಒಳಗಿನ ಸಿಲಿಕಾ ಜೆಲ್ ತೇವ ತುಂಬಿ ಗುಲಾಬಿಗೆ ತಿರುಗಿ ಎಷ್ಟು ದಿನ ಆಗಿತ್ತೋ, ಯಾರೂ ಹುರಿದಿರಲಿಲ್ಲ, ನಾನೂ. ಪುನಃ ತೂಗದೆ ಹಾಗೇ ಕರಗಿಸಿದೆ.
ಎಕ್ಸ್‌ಆರ್‌ಡಿ ಈಗ ತೆಗೆದು ನೋಡಿದೆ. 28.5ರಲ್ಲಿ ಸಣ್ಣ ಗುಡ್ಡೆ ಉಂಟು. ನಾಯ್ಸ್ ಅಂತ ಬಿಟ್ಟಿದ್ದೆ.

ಹಳೇ ಕ್ರಯೋಸ್ಟಾಟ್:
ಗೈಡಿಗೆ ನೀವೇ ಮೊದಲು ಹೇಳಿ. ಹೊಸತು ಮಾಡುವಾಗ ಲ್ಯಾಂಥನಂನದ್ದೂ ಒಂದು ಮಾಡಿ. ಅದರಲ್ಲಿ ಎಫ್ ಇಲ್ಲ, ಅದರ ಉಷ್ಣಧಾರಣೆ ಕಳೆದರೆ ಉಳಿಯುವುದು ಕಾಂತೀಯ ಪಾಲು. ಅದರಿಂದ ಎಂಟ್ರೊಪಿ (ಸ್ಪಿನ್ನುಗಳ ಅಸ್ತವ್ಯಸ್ತದ ಲೆಕ್ಕ) ತೆಗೀರಿ. ಬರೀ ಆರ್ಡರ್ ಆಗಿದ್ದರೆ 3.8ರೊಳಗೆ ಮೋಲಿಗೆ 5.76 ಜೌಲ್ ಪೂರ್ತಿ ಸಿಗಬೇಕು. ಸಿಗುವುದಿಲ್ಲ, ಒಂದಷ್ಟು ಮೇಲಿನ ತಾಪಮಾನದಲ್ಲೇ ಖರ್ಚಾಗಿರ್ತದೆ. ಕೊಂಡೋ ನುಂಗಿದ್ದನ್ನು ಅಲ್ಲಿ ಹುಡುಕಿ.

ಕಂಕನಾಡಿಯವ:
ಲ್ಯಾಂಥನಂ ಇದಕ್ಕಿಂತ ಪಾಪದ್ದಲ್ಲವಂತೆ. ಮಳೆ ಬಿಡಲಿ, ಡಿಸೆಂಬರಲ್ಲಿ ತೂಗ್ತೇನೆ. ಜೆಲ್ ಇವತ್ತೇ ಓವನ್ನಿಗೆ ಹಾಕಿದೆ.