‘ಸ್ಕಿನ್ ಬಯಾಪ್ಸಿ’ಗೆ ಕನ್ನಡದಲ್ಲಿ ಏನು? ಒಪ್ಪಿಗೆ ಪತ್ರಕ್ಕೆ, ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಚರ್ಮರೋಗದ ಕ್ಲಿನಿಕ್ಕೊಂದರ ಒಪ್ಪಿಗೆ ಪತ್ರ ಸಂಜೆ ಪ್ರಿಂಟಿಗೆ ಹೋಗಬೇಕು. ಮಾಡುವುದಿಷ್ಟು: ಮಚ್ಚೆಯ ಜಾಗಕ್ಕೆ ನೋವು ಗೊತ್ತಾಗದಂತೆ ಮಾಡುವ ಲಿಗ್ನೊಕೇನ್ ಚುಚ್ಚಿ, 4 ಮಿ.ಮೀ. ಬಾಯಿಯ ದುಂಡನೆ ಅಲಗಿನ ಪಂಚ್ ಒತ್ತಿ ತಿರುಗಿಸುತ್ತಾರೆ. ಮೇಲೆದ್ದ ತುಣುಕನ್ನು ಬುಡದಲ್ಲಿ ಕತ್ತರಿಸಿ ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣದ ಬಾಟಲಿಗೆ ಹಾಕಿ, ಒಂದೋ ಎರಡೋ ಹೊಲಿಗೆ ಹಾಕುತ್ತಾರೆ. ‘ಚರ್ಮದ ಅಂಗಾಂಶ ಪರೀಕ್ಷೆ’ ಎಂದು ಬರೆದಿದ್ದೆ. ಅಲ್ಲಿನ ಸಿಸ್ಟರ್ ಓದಿ, “ಯಾವ ಅಂಗ ತೆಗೀತೀರಿ ಅಂತ ಕೇಳ್ತಾರೆ ಮೇಡಂ” ಅಂದರು. ಆ ಲಿಗ್ನೊಕೇನ್ ಇಂಜೆಕ್ಷನ್ನಿಗೆ ಬರೆದ ‘ಅರಿವಳಿಕೆ’ಯದೂ ಇದೇ ಪಾಡು, ಪ್ರಜ್ಞೆ ತಪ್ಪಿಸುತ್ತಾರೆ ಎಂದು ಹೆದರುತ್ತಾರಂತೆ.

——

‘ತೊಗಲೊರೆ’. ಒರೆಗಲ್ಲಿನ ಒರೆ, ಲೋಪಸಂಧಿ. ಅರಿವಳಿಕೆಯ ಜಾಗಕ್ಕೆ ‘ಮರಗಟ್ಟಿಕೆ’. ಅಚ್ಚಗನ್ನಡದಲ್ಲಿ ಇಷ್ಟು ಸಲೀಸಾಗಿ ಆಗುವಾಗ ‘ಅಂಗಾಂಶ’ ಯಾಕೆ ಬೇಕಿತ್ತು?

——

ಎರಡೂ ಆಗದು. ಒರೆ ಎಂದರೆ ಉಜ್ಜುವುದು. ಹುಳುಕಡ್ಡಿಗೆ ಚರ್ಮದ ಹೊಟ್ಟು ಕೆರೆದು ನೋಡುವ ಪರೀಕ್ಷೆಯೇ ಬೇರೆ ಇದೆ; ‘ತೊಗಲೊರೆ’ ಎಂದರೆ ಅದು ಎಂದುಕೊಳ್ಳುತ್ತಾರೆ. ಇನ್ನು ಮರಗಟ್ಟುವುದು: ಕುಷ್ಠದ ಮಚ್ಚೆಯನ್ನೇ ನಾವು ಓಪಿಡಿಯಲ್ಲಿ ‘ಮರಗಟ್ಟಿದ ಮಚ್ಚೆ’ ಎನ್ನುತ್ತೇವೆ. ಬಯಾಪ್ಸಿಗೆ ಬರುವವರಲ್ಲಿ ಆ ಮಚ್ಚೆಯವರೂ ಇರುತ್ತಾರೆ. ಇಂಜೆಕ್ಷನ್ನಿಗೂ ಅದೇ ಮಾತು ಬಂದರೆ ಕಾಯಿಲೆಯನ್ನೇ ಚುಚ್ಚುತ್ತಾರೆಂದು ಎದ್ದುಹೋದಾರು. ‘ಬಯಾಪ್ಸಿ’ ಎಂದೇ ಬರೆಯಿರಿ, ಊರಲ್ಲೆಲ್ಲ ಅದೇ ನಡೆದಿದೆ.

——

ನಡೆದಿದ್ದೆಲ್ಲ ಕನ್ನಡವಾಗುವುದಾದರೆ ಕನ್ನಡ ಪದ ಹುಡುಕುವ ಈ ಬಳಗ ಯಾಕೆ? 1879ರಲ್ಲಿ ಫ್ರೆಂಚ್ ಚರ್ಮವೈದ್ಯ ಬೆನಿಯೆ ‘ಬಯಾಪ್ಸಿ’ ಎಂಬ ಪದ ಕಟ್ಟಿದ. ಅವನು ಕಟ್ಟಬಹುದು, ನಾವು ಕಟ್ಟಬಾರದೋ?

——

ಬೆನಿಯೆ ಕಟ್ಟಿದ್ದು ಗ್ರೀಕಿನ ‘ಬಯೋಸ್’, ‘ಆಪ್ಸಿಸ್’ ತಂದು. ಬಾಳು, ನೋಟ. ತನ್ನ ನುಡಿಯಲ್ಲಿ ಬೇರಿಲ್ಲವೆಂದು ಅವನು ಅಳಲಿಲ್ಲ. ಎರವಲು ತಂದದ್ದಕ್ಕೇ ಆ ಪದ ಹುಟ್ಟಿತು. ತೊಗಲು ಅಚ್ಚಗನ್ನಡ, ಒಪ್ಪಿದೆ. ಆದರೆ ಇಂದು ತೊಗಲೆಂದರೆ ಗೊಂಬೆಯದು, ಚೀಲದ್ದು. ಜೀವವಿರುವ ಮೈಯ ಮೇಲೆ ಆ ಪದ ಹಾಕಿ ಸಹಿ ಕೇಳುವುದು ನನಗೆ ಒಗ್ಗದು.

——

‘ಚರ್ಮೋದ್ಯಮ’ದ ಚರ್ಮ ಜೀವವಿರುವ ಮೈಯದೇ? ಚರ್ಮದ ಮೆಟ್ಟಾದ ‘ಚಮ್ಮಾವುಗೆ’ಯ ಚಮ್ಮ? ಸಂಸ್ಕೃತದ್ದಾದರೆ ಹದಮಾಡಿದ ತೊಗಲೂ ಮೈಯಾಗುತ್ತದೆ, ನಮ್ಮದಾದರೆ ಚೀಲ. ಈ ತಾರತಮ್ಯಕ್ಕೇ ನನ್ನ ತಕರಾರು.

——

ಇಬ್ಬರಿಗೂ ವಂದನೆ. ನನಗೆ ಹೊತ್ತಿಲ್ಲ. ಸಿಸ್ಟರ್ ಬಾಯಲ್ಲಿ ದಿನಾ ಬರುವ ಮಾತನ್ನೇ ಕೇಳಿ ಬರೆದುಕೊಂಡೆ: ‘ಚರ್ಮದ ಬಯಾಪ್ಸಿ: ಅಕ್ಕಿಕಾಳಿನಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸುವುದು. ಆ ಜಾಗದಲ್ಲಿ ಮಾತ್ರ ನೋವು ಗೊತ್ತಾಗದಂತೆ ಇಂಜೆಕ್ಷನ್ ಕೊಡುತ್ತೇವೆ. ನೀವು ಎಚ್ಚರವಾಗಿಯೇ ಇರುತ್ತೀರಿ.’ ಕಾಗುಣಿತ ತಪ್ಪಿದ್ದರೆ ಐದು ಗಂಟೆಯೊಳಗೆ ತಿಳಿಸಿ.