ಪದಚರ್ಚೆ: ‘ರೀಸರ್ಫೇಸಿಂಗ್’, ‘ಫ್ರಾಕ್ಷನಲ್’, ‘ಸ್ಕಾರ್’ – ಸಮ್ಮತಿ ಪತ್ರಕ್ಕೆ ಕನ್ನಡ

ಪ್ರಶ್ನೆ: ದಾವಣಗೆರೆಯ ಚರ್ಮರೋಗ ವಿಭಾಗವೊಂದಕ್ಕೆ ಲೇಸರ್ ಸಮ್ಮತಿ ಪತ್ರವನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇವೆ. ‘ಸ್ಕಿನ್ ರೀಸರ್ಫೇಸಿಂಗ್’ಗೆ ಒಬ್ಬರು ‘ಚರ್ಮದ ಪುನರ್ಮೇಲ್ಮೈಕರಣ’ ಎಂದರು, ಇನ್ನೊಬ್ಬರು ‘ಮುಖ ಪಾಲಿಶ್’ ಎಂದರು. ‘ಫ್ರಾಕ್ಷನಲ್’ಗೆ ‘ಭಿನ್ನಾಂಶ’ ಆಗುತ್ತದೆಯೇ? ‘ಸ್ಕಾರ್’ಗೆ ‘ಕಲೆ’ ಸಾಕೇ? ‘ಡೌನ್‌ಟೈಮ್’ಗೆ ಏನು? ಬಲ್ಲವರು ತಿಳಿಸಿ.

ಉತ್ತರ: ಎರಡೂ ಬೇಡ ಸರ್. ಮೊದಲನೆಯದು ಯಾರ ನಾಲಿಗೆಗೂ ಹೊರಳುವುದಿಲ್ಲ. ಎರಡನೆಯದು ದಾರಿ ತಪ್ಪಿಸುತ್ತದೆ. ಪಾಲಿಶ್ ಅಂದರೆ ಬೆಳಿಗ್ಗೆ ಮಾಡಿಸಿ ಸಂಜೆ ಆರತಕ್ಷತೆಗೆ ಹೋಗಬಹುದು ಎಂದೇ ತಿಳಿಯುತ್ತಾರೆ. ಇಲ್ಲಿ ನಡೆಯುವುದು ಅಳತೆಯಿಟ್ಟು ಮಾಡುವ ಗಾಯ. ಕಾರ್ಬನ್ ಡೈಆಕ್ಸೈಡ್ ಲೇಸರ್‌ನ ತರಂಗಾಂತರ 10,600 ನ್ಯಾನೊಮೀಟರ್, ಎರ್ಬಿಯಂ ಯಾಗ್‌ನದು 2,940. ಎರಡನ್ನೂ ಚರ್ಮದೊಳಗಿನ ನೀರು ಹೀರುತ್ತದೆ, ಆ ಜಾಗದ ಪದರ ಕ್ಷಣದಲ್ಲಿ ಆವಿಯಾಗುತ್ತದೆ. ಕೆಳಗೆ ತಟ್ಟಿದ ಬಿಸಿಗೆ ಹಳೆಯ ಕೊಲಾಜೆನ್ (ಚರ್ಮಕ್ಕೆ ಬಿಗಿ ಕೊಡುವ ನಾರು) ಕುಗ್ಗಿ, ಮುಂದಿನ 3–6 ತಿಂಗಳಲ್ಲಿ ಹೊಸದು ಕಟ್ಟಿಕೊಳ್ಳುತ್ತದೆ. ಎರ್ಬಿಯಂ ಬೆಳಕನ್ನು ನೀರು ಇನ್ನೂ ಜೋರಾಗಿ ಹೀರುವುದರಿಂದ ಬಿಸಿ ಸುತ್ತಲಿಗೆ ಹರಡುವುದು ಕಡಿಮೆ. ಬೇಗ ಮಾಯುತ್ತದೆ, ಆದರೆ ರಕ್ತ ಜಿನುಗುವುದು ಜಾಸ್ತಿ. ‘ರೀಸರ್ಫೇಸಿಂಗ್’ ಹಾಗೇ ಇರಲಿ, ಮುಂದೆ ‘ಲೇಸರ್‌ನಿಂದ ಚರ್ಮದ ಮೇಲ್ಪದರ ತೆಗೆದು ಹೊಸ ಪದರ ಬರಿಸುವ ಚಿಕಿತ್ಸೆ’ ಎಂದು ಬಿಡಿಸಿ ಬರೆಯಿರಿ. ಬರೀ ‘ಲೇಸರ್’ ಸಾಲದು. ಕೂದಲು ತೆಗೆಸಿದರೂ ಹಚ್ಚೆ ಅಳಿಸಿದರೂ ಜನ ‘ಲೇಸರ್ ಹೊಡೆಸಿದೆ’ ಅಂತಲೇ ಅನ್ನುತ್ತಾರೆ. ಆ ಯಂತ್ರಗಳೇ ಬೇರೆ.

‘ಭಿನ್ನಾಂಶ’ ಗಣಿತಕ್ಕಿರಲಿ. 2004ರಲ್ಲಿ ಬಳಕೆಗೆ ಬಂದ ಈ ‘ಫ್ರಾಕ್ಷನಲ್’ ಕ್ರಮದಲ್ಲಿ ಕಿರಣ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಬಿಡಿಬಿಡಿಯಾಗಿ ಇಳಿಯುತ್ತದೆ, ನಡುನಡುವೆ ಮುಟ್ಟದ ಚರ್ಮ ಉಳಿಯುತ್ತದೆ. ಹೊಸ ಜೀವಕೋಶ ಅಲ್ಲಿಂದಲೇ ಸರಿದು ಬಂದು ತೂತು ಮುಚ್ಚುವುದರಿಂದ ಬೇಗ ಮಾಯುತ್ತದೆ. ‘ಚುಕ್ಕಿ ಲೇಸರ್’ ಅನ್ನಿ.

ದೊಡ್ಡ ತೊಡಕು ‘ಕಲೆ’ಯದು. ಮೊಡವೆ ಹೋದಮೇಲೆ ಉಳಿಯುವ ಚಪ್ಪಟೆ ಕಪ್ಪು ಗುರುತೂ ಕಲೆ, ಬೆರಳಿಗೆ ಸಿಗುವ ಹಳ್ಳವೂ ಕಲೆ. ಚುಕ್ಕಿ ಲೇಸರ್ ಇರುವುದು ಹಳ್ಳಕ್ಕೆ. ಚಪ್ಪಟೆ ಕಪ್ಪಿಗೆ ಹೊಡೆದರೆ ಅದು ಇನ್ನಷ್ಟು ಕಪ್ಪಾಗಬಹುದು, ಬಂಗು ಕೆರಳಬಹುದು. ಹಾಗಾಗಿ ‘ಮೊಡವೆಯ ತಗ್ಗು’ ಎಂದೇ ಬರೆಯಿರಿ. ‘ಮಕದಾಗ ತಗ್ಗು ಬಿದ್ದಾವ’ ಅಂದರೆ ನಮ್ಮ ಕಡೆ ಯಾರಿಗೂ ಅನುಮಾನವಿಲ್ಲ. ದೀಪವನ್ನು ಕೆನ್ನೆಯ ಪಕ್ಕದಿಂದ ಹಿಡಿದು ನೋಡಿ: ತಗ್ಗಿನೊಳಗೆ ನೆರಳು ಬೀಳುತ್ತದೆ, ಕಪ್ಪು ಗುರುತಿನಲ್ಲಿ ಬೀಳುವುದಿಲ್ಲ. ತಗ್ಗುಗಳಲ್ಲೂ ಭೇದವಿದೆ. ಅಂಚು ಕಡಿದಂತಿರುವ, ಆಳವಲ್ಲದ ಅಗಲ ತಗ್ಗಿಗೆ ಲೇಸರ್ ಚೆನ್ನಾಗಿ ಒದಗುತ್ತದೆ. ಕಿರಿದಾದ ಆಳ ತೂತಿಗೆ ಅಷ್ಟಾಗಿ ಇಲ್ಲ. ಅದರ ತಳಕ್ಕೆ ಟ್ರೈಕ್ಲೋರೋಅಸೆಟಿಕ್ ಆಮ್ಲ ಮುಟ್ಟಿಸುತ್ತಾರೆ. ಇಳಿಜಾರು ತಗ್ಗಿಗೆ ಅಡಿಯಿಂದ ಎಳೆದು ಹಿಡಿದ ನಾರನ್ನು ಮೊದಲು ಸೂಜಿಯಿಂದ ಬಿಡಿಸಬೇಕು. ‘ತಗ್ಗು ಹೋಗುತ್ತದೆ’ ಎಂದು ಬರೆಯಬೇಡಿ, ‘ಆಳ ಕಡಿಮೆಯಾಗುತ್ತದೆ’ ಎನ್ನಿ.

ಇನ್ನೊಂದು ಉತ್ತರ, ಚಿತ್ರದುರ್ಗದಿಂದ: ಮೇಲಿನದಕ್ಕೆ ನನ್ನ ಒಪ್ಪಿಗೆ ಇದೆ. ‘ಡೌನ್‌ಟೈಮ್’ಗೆ ‘ವಿಶ್ರಾಂತಿ’ ಅಂದರೆ ಮಲಗಿರಬೇಕೇನೋ ಅಂದುಕೊಳ್ಳುತ್ತಾರೆ. ‘ಮುಖ ಮಾಯುವ ದಿನಗಳು’ ನೇರವಾಗಿದೆ. ಚುಕ್ಕಿ ಲೇಸರ್ ಆದ ಮೇಲೆ 2–3 ದಿನ ಕೆಂಪು, ಊತ. ಆಮೇಲೆ ಕಂದು ಹಕ್ಕಳೆ, 5–7 ದಿನಕ್ಕೆ ತಾನಾಗಿ ಉದುರುತ್ತದೆ. ‘ಕ್ರಸ್ಟ್’ಗೆ ‘ಹಕ್ಕಳೆ’ಗಿಂತ ಒಳ್ಳೆಯ ಮಾತು ಬೇಕಿಲ್ಲ. ಅದನ್ನು ಕಿತ್ತರೆ ಗುರುತು ಉಳಿಯುತ್ತದೆ. ಒಣಗಲು ಬಿಡದೆ ವ್ಯಾಸಲೀನ್ ತೆಳ್ಳಗೆ ಹಚ್ಚುತ್ತಿರಬೇಕು.

‘ಹೈಪರ್‌ಪಿಗ್ಮೆಂಟೇಶನ್’ಗೆ ‘ಕಪ್ಪು ಕೂರುವುದು’ ಎನ್ನಿ, ಇದನ್ನು ಮೊದಲ ಪುಟದಲ್ಲೇ ಹಾಕಿ. ಚರ್ಮದ ಬಣ್ಣ, ಬಿಸಿಲಿಗೆ ಅದು ಕಪ್ಪಾಗುವ ರೀತಿ ನೋಡಿ ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್‌ನ ಆರು ಬಗೆಯ ಪಟ್ಟಿಯಲ್ಲಿ ನಮ್ಮ ಬಹುಪಾಲು ಜನರದು 4, 5ನೇ ಬಗೆ. ಗಾಯ ಮಾದು ಮುಖ ಚೆನ್ನಾಗಿ ಕಂಡ ಮೇಲೆ, 3–4 ವಾರಕ್ಕೆ ಕಪ್ಪು ಕಾಣಿಸಿಕೊಳ್ಳುತ್ತದೆ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಚುಕ್ಕಿಗಳು ದಟ್ಟವಾದರೆ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೊಡೆದರೆ, ಬಿಸಿಲು ತಾಗಿದರೆ ಹೀಗಾಗುತ್ತದೆ. ದಟ್ಟಣೆ ಇಳಿಸಿ, ಒಂದು ಸರದಿಗೂ ಇನ್ನೊಂದಕ್ಕೂ 4–6 ವಾರ ಬಿಡಬೇಕು. ಏಪ್ರಿಲ್ ಬಿಸಿಲಲ್ಲಿ ಹೊಲಕ್ಕೆ ಹೋಗುವವರು, ದಿನವಿಡೀ ಬೈಕಿನ ಮೇಲಿರುವವರು ಮಳೆಗಾಲಕ್ಕೆ ಮುಂದೂಡುವುದೇ ಮೇಲು.

‘ಅರಿವಳಿಕೆ’ ಅಂದರೆ ಜ್ಞಾನ ತಪ್ಪಿಸುತ್ತಾರೆಂದು ಹೆದರುತ್ತಾರೆ. ‘ಮರಗಟ್ಟಿಸುವ ಕ್ರೀಮು’ ಎನ್ನಿ. ಲಿಗ್ನೊಕೇನ್, ಪ್ರಿಲೊಕೇನ್ ತಲಾ ಶೇ. 2.5 ಇರುವ ಕ್ರೀಮನ್ನು 45–60 ನಿಮಿಷ ಮುಚ್ಚಿಟ್ಟು ಪೂರ್ತಿ ಒರೆಸುತ್ತಾರೆ. ಸ್ಪಿರಿಟ್ ಬಳಸಿದ್ದರೆ ಅದು ಆರಿದ್ದನ್ನು ನೋಡಿಯೇ ಕಿರಣ ಬಿಡಬೇಕು, ಬೆಂಕಿ ಹತ್ತೀತು.

ಕೇಳಬೇಕಾದ ಪ್ರಶ್ನೆಗಳಲ್ಲಿ ‘ಹರ್ಪಿಸ್’ಗೆ ‘ಸರ್ಪಸುತ್ತು’ ಎಂದು ಬರೆಯಬೇಡಿ, ಅದು ಬೇರೆ ಕಾಯಿಲೆ. ‘ತುಟಿಯ ಮೇಲೆ ಪದೇ ಪದೇ ನೀರುಗುಳ್ಳೆ ಏಳುತ್ತವೆಯೇ?’ ಎಂದು ಕೇಳಿ. ಹೌದೆಂದವರಿಗೆ ವೈರಸ್ ತಡೆಯುವ ಮಾತ್ರೆಯನ್ನು ಮುಂಚೆಯೇ ಶುರು ಮಾಡುತ್ತಾರೆ. ‘ಕೀಲಾಯ್ಡ್’ಗೆ ‘ಗಾಯ ಮಾದ ಮೇಲೂ ಉಬ್ಬಿ ಬೆಳೆದದ್ದುಂಟೇ?’ ಸಾಕು. ಕೊನೆಗೆ ದಪ್ಪಕ್ಷರದಲ್ಲಿ: ‘ಮೂರು ದಿನ ಕಳೆದರೂ ನೋವು ಏರುತ್ತಿದ್ದರೆ, ಹಕ್ಕಳೆಯಡಿ ಕೀವು ಕಂಡರೆ, ನೀರುಗುಳ್ಳೆ ಎದ್ದರೆ ಅದೇ ದಿನ ಬನ್ನಿ.’