ಐರ್ಲೆಂಡ್‌ನ ಹಳ್ಳಿಮನೆ: ಸೆಪ್ಟಿಕ್ ಟ್ಯಾಂಕ್ ತಪಾಸಣೆಗೆ ಪತ್ರ ಬಂದಿದೆ, ಏನೇನು ನೋಡುತ್ತಾರೆ?

ಸುಮಾ, ರಾಸ್ಕಾಮನ್:
ಕಳೆದ ವರ್ಷ ಇಲ್ಲಿ ಹಳೆಯ ಹಳ್ಳಿಮನೆಯೊಂದನ್ನು ಕೊಂಡೆವು. ಒಳಚರಂಡಿ ಇಲ್ಲ. ಹಿತ್ತಲಲ್ಲಿ ಸೆಪ್ಟಿಕ್ ಟ್ಯಾಂಕ್ ಇದೆ, ಕುಡಿಯಲು ಅಂಗಳದ ಕೊಳವೆಬಾವಿಯ ನೀರು. ಈಗ ಕೌಂಟಿ ಕೌನ್ಸಿಲ್‌ನವರು ಟ್ಯಾಂಕ್ ಪರೀಕ್ಷಿಸಲು ಬರುತ್ತಾರಂತೆ. ಐದು ಸಾವಿರ ಯೂರೊ ದಂಡ ಬೀಳುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಊರಿನಿಂದ ಬಂದಿರುವ ಮಾವನವರು ಮುಚ್ಚಳ ತೆಗೆದು ತಾವೇ ನೋಡುತ್ತೇನೆ ಎನ್ನುತ್ತಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಶ್ರೀಪಾದ, ಗಾಲ್ವೇ:
ಸುಮಾ ಅವರೇ, ಮೊದಲು ಮಾವನವರನ್ನು ತಡೆಯಿರಿ. ಟ್ಯಾಂಕಿನೊಳಗಿನ ವಿಷಾನಿಲಕ್ಕೆ ಮನುಷ್ಯ ಕ್ಷಣದಲ್ಲಿ ಪ್ರಜ್ಞೆ ತಪ್ಪಿ ಒಳಗೆ ಬೀಳಬಹುದು. ಹಳೆಯ ಕಾಂಕ್ರೀಟ್ ಮುಚ್ಚಳದ ಮೇಲೆ ನಿಲ್ಲುವುದೂ ಬೇಡ. ಅದು ಪರವಾನಗಿ ಇರುವ ಟ್ಯಾಂಕರ್‌ನವರ ಕೆಲಸ. ಅವರಿಂದ ಗಸಿ ತೆಗೆಸಿ, ರಸೀದಿಯನ್ನು ಜೋಪಾನವಾಗಿಡಿ. ತಪಾಸಣೆಗೆ ಬಂದವರು ಅದನ್ನು ಕೇಳುತ್ತಾರೆ.

ದೋಷ ಕಂಡ ಮಾತ್ರಕ್ಕೆ ದಂಡ ಹಾಕುವುದಿಲ್ಲ. ಮೊದಲು ಸಲಹಾ ನೋಟಿಸ್ ಕೊಟ್ಟು, ಸರಿಪಡಿಸಲು ಗಡುವು ನೀಡುತ್ತಾರೆ. ಅದನ್ನೂ ಕಡೆಗಣಿಸಿದರೆ ನ್ಯಾಯಾಲಯ. ಅಲ್ಲಿ ಗರಿಷ್ಠ ದಂಡ 5,000 ಯೂರೊ. ಟ್ಯಾಂಕ್ ನೋಂದಣಿಯಾಗಿದೆಯೇ, ಸೋರುತ್ತಿದೆಯೇ, ಚಾವಣಿಯ ಮಳೆನೀರು ಅದಕ್ಕೆ ಸೇರುತ್ತಿದೆಯೇ, ನೀರು ಇಂಗಬೇಕಾದ ಜಾಗದಲ್ಲಿ ಮಡುಗಟ್ಟಿ ನಾರುತ್ತಿದೆಯೇ, ಕೊಳಕು ನೀರು ಹಳ್ಳಕ್ಕೆ ಹರಿಯುತ್ತಿದೆಯೇ ಎಂದು ನೋಡುತ್ತಾರೆ. ಮನೆ ಮಾರಿದವರು ನಿಮಗೆ ನೋಂದಣಿ ಪತ್ರ ಕೊಟ್ಟಿರಬೇಕು. ಮಾಲೀಕರು ಬದಲಾದ ವಿಷಯವನ್ನು ನೀವೂ ತಿಳಿಸಿರಬೇಕು. ಇವತ್ತೇ ಕಾಗದಗಳನ್ನು ಹುಡುಕಿ.

ಗಿರಿಜಾ, ಮೀತ್:
ನೆರೆಯವರು ಹೀಗೆ ಹೆದರಿಸುವುದಕ್ಕೂ ಹಿನ್ನೆಲೆಯಿದೆ. ಟ್ಯಾಂಕ್‌ಗಳ ಮೇಲೆ ನಿಗಾ ಇಲ್ಲವೆಂದು ಯುರೋಪಿನ ನ್ಯಾಯಾಲಯ 2009ರಲ್ಲಿ ಐರ್ಲೆಂಡ್ ವಿರುದ್ಧ ತೀರ್ಪು ಕೊಟ್ಟಿತು. 2012ರಲ್ಲಿ ಕಾನೂನು ಬಂತು. ತಡಮಾಡಿದ್ದಕ್ಕೆ ಅದೇ ಡಿಸೆಂಬರ್‌ನಲ್ಲಿ ದೇಶಕ್ಕೆ 20 ಲಕ್ಷ ಯೂರೊ ದಂಡವೂ ಬಿತ್ತು. ಆಗ ಹಳ್ಳಿಗಳಲ್ಲಿ ದೊಡ್ಡ ಪ್ರತಿಭಟನೆಯೇ ನಡೆಯಿತು. ಎಷ್ಟೋ ಪಟ್ಟಣಗಳ ಕೊಳಚೆ ಶುದ್ಧೀಕರಣವೇ ಇಲ್ಲದೆ ನದಿಗೂ ಸಮುದ್ರಕ್ಕೂ ಹರಿಯುತ್ತಿದ್ದಾಗ ಹಳ್ಳಿಯವರ ಹಿತ್ತಲಿಗೇ ಏಕೆ ಬರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ನಾನು ಈಗಲೂ ಅದನ್ನೇ ಕೇಳುತ್ತೇನೆ.

ಶ್ರೀಪಾದ, ಗಾಲ್ವೇ:
ಗಿರಿಜಾ ಅವರೇ, ಪಟ್ಟಣಗಳ ಬಗ್ಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಸುಮಾ ಅವರ ಬಾವಿಗೆ ಇಳಿಯುವುದು ದೂರದ ಪಟ್ಟಣದ ಕೊಳಚೆಯಲ್ಲ, ಅವರದೇ ಟ್ಯಾಂಕಿನದು ಅಥವಾ ನೆರೆಮನೆಯದು. ರಾಸ್ಕಾಮನ್‌ನಲ್ಲೂ ನಮ್ಮ ಗಾಲ್ವೇಯಲ್ಲೂ ಬಹಳ ಕಡೆ ನೆಲದಡಿ ಸುಣ್ಣಕಲ್ಲು. ಮೇಲಿನ ಮಣ್ಣಿನ ಪದರ ತೆಳುವಾಗಿದ್ದರೆ ಕೊಳಕು ನೀರು ಸೋಸಿ ಇಳಿಯುವುದೇ ಇಲ್ಲ, ಬಿರುಕುಗಳಲ್ಲಿ ನೇರ ಅಂತರ್ಜಲಕ್ಕೆ ಓಡುತ್ತದೆ. ಹಾಗಾಗಿ ಈ ತಪಾಸಣೆ ನನಗೆ ಕಿರುಕುಳವಾಗಿ ಕಾಣುವುದಿಲ್ಲ. ನಮ್ಮ ಮಕ್ಕಳು ಕುಡಿಯುವ ನೀರಿನ ಮಾತು ಇದು.

ದುರಸ್ತಿಗೆ ನೆರವೂ ಇದೆ. ಸಲಹಾ ನೋಟಿಸ್ ಬಂದ ಅರ್ಹ ಮನೆಗಳಿಗೆ ಖರ್ಚಿನ ಶೇ 85ರಷ್ಟನ್ನು ಕೊಡುತ್ತಾರೆ. ಮೊದಲು 5,000 ಯೂರೊ ಇದ್ದ ಅದರ ಮಿತಿಯನ್ನು 2024ರಿಂದ 12,000ಕ್ಕೆ ಏರಿಸಿದ್ದಾರೆ. ಷರತ್ತುಗಳನ್ನು ಕೌನ್ಸಿಲ್‌ನಲ್ಲೇ ಕೇಳಿ, ಅನುಮತಿ ಸಿಗುವ ಮೊದಲು ಕೆಲಸ ಶುರುಮಾಡಬೇಡಿ. ತಪಾಸಣೆಗೆ ಕಾಯದೆ ಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಇ. ಕೋಲಿ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) ಮತ್ತು ನೈಟ್ರೇಟ್ (ಕೊಳಚೆ, ಗೊಬ್ಬರಗಳಿಂದ ನೀರಿನಲ್ಲಿ ಕರಗುವ ರಾಸಾಯನಿಕ) ಎರಡನ್ನೂ ನೋಡಿಸಿ. ಕಣ್ಣಿಗೆ ತಿಳಿಯಾಗಿದ್ದರೆ ಸಾಲದು.

ಸುಮಾ, ರಾಸ್ಕಾಮನ್:
ತುಂಬಾ ಉಪಕಾರವಾಯಿತು. ನೋಂದಣಿ ಪತ್ರ ಸಿಕ್ಕಿತು, ಹಳೆಯ ಮಾಲೀಕರ ಹೆಸರಿನಲ್ಲೇ ಇದೆ. ಇನ್ನೊಂದು ಮಾತು: ನಾಲ್ಕು ತಿಂಗಳ ಮಗುವಿಗೆ ಇದೇ ನೀರನ್ನು ಕುದಿಸಿ ಪುಡಿಹಾಲು ಬೆರೆಸುತ್ತಿದ್ದೇವೆ. ಸಾಕಲ್ಲವೇ?

ಶ್ರೀಪಾದ, ಗಾಲ್ವೇ:
ಸಾಲದು. ಕುದಿಸಿದರೆ ಇ. ಕೋಲಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಎಳೆಯ ಮಕ್ಕಳ ರಕ್ತ ಆಮ್ಲಜನಕ ಸಾಗಿಸುವುದಕ್ಕೇ ಅದು ಅಡ್ಡಿಮಾಡಬಲ್ಲದು. ವರದಿ ಕೈಸೇರುವವರೆಗೆ ಮಗುವಿಗೆ ಸೋಡಿಯಂ ಕಡಿಮೆಯಿರುವ ಬಾಟಲಿ ನೀರನ್ನೇ ಕುದಿಸಿ ಕೊಡಿ.